ಎಚ್ಚರ ಇಟ್ಟುಕೊಂಡವಳು

ನಮ್ಮೂರಲ್ಲಿ ಹಲ್ಲು ಕೀಳಿಸಿಕೊಳ್ಳುವುದು ದೊಡ್ಡ ಮಾತಲ್ಲ. ಕೀಳುವಷ್ಟು ಹೊತ್ತು ನಮ್ಮ ಎಚ್ಚರ ಇಟ್ಟುಕೊಂಡು ಕೂರುವವರನ್ನು ಹುಡುಕುವುದು ದೊಡ್ಡ ಮಾತು. ಸೂಜಿ ಕೊಟ್ಟು ಮಲಗಿಸಿದ ಮೇಲೆ ಎಚ್ಚರ ಎಲ್ಲಾದರೂ ಇರಲೇಬೇಕಲ್ಲ. ಅದನ್ನು ಒಬ್ಬರು ಇಟ್ಟುಕೊಂಡು ಪಕ್ಕದ ಕೋಣೆಯಲ್ಲಿ ಕೂತಿರಬೇಕು, ಕೆಲಸ ಮುಗಿದ ಮೇಲೆ ಮಲಗಿದವರ ನೆತ್ತಿಯ ಮೇಲೆ ಕೈಯಿಟ್ಟು ತಿರುಗಿ ಕೊಡಬೇಕು. ಬೇರೆ ಊರುಗಳಲ್ಲಿ ಇದೆಲ್ಲ ಇಲ್ಲವಂತೆ. ನಮ್ಮ ಬಸ್ ನಿಲ್ದಾಣಕ್ಕೆ ಬರುವ ಪರಸ್ಥಳದ ಕಂಡಕ್ಟರುಗಳು ಹಾಗೆನ್ನುತ್ತಾರೆ. ಮತ್ತೆ ನಿಮ್ಮವರ ಎಚ್ಚರ ಅಷ್ಟು ಹೊತ್ತು ಎಲ್ಲಿರುತ್ತದೆ ಎಂದು ಕೇಳಿದರೆ ತಲೆ ಕೆರೆದುಕೊಂಡು ಚಹಾ ಕುಡಿಯಲು ಹೋಗುತ್ತಾರೆ.

ಇಟ್ಟುಕೊಂಡವರಿಗೆ ಎಚ್ಚರದ ಜೊತೆ ಅದರೊಳಗಿರುವುದೆಲ್ಲ ಸಿಗುತ್ತದೆ. ಫಜೀತಿ ಇರುವುದೇ ಅಲ್ಲಿ. ಹೀಗಾಗಿ ನಮ್ಮೂರ ಗಂಡಸರು ಹೆಂಡತಿಗೆ ಎಚ್ಚರ ಕೊಡುವುದಿಲ್ಲ, ಕ್ಷೌರದ ಅಂಗಡಿಯವನಿಗೆ ಕೊಡುತ್ತಾರೆ. ಅವನಿಗೆ ಹೇಗೂ ಅರ್ಧ ಗೊತ್ತಿರುತ್ತದೆ. ಹೆಂಗಸರು ಎರಡು ಓಣಿ ಆಚೆಯವಳನ್ನು ಹುಡುಕುತ್ತಾರೆ. ಹೆಣ್ಣು ನೋಡಲು ಬಂದವರು ಅಡುಗೆ ಬರುತ್ತದೆಯೇ ಎಂದು ಕೇಳುವ ಮೊದಲು ಎಚ್ಚರ ಯಾರ ಹತ್ತಿರವಾದರೂ ಕೊಟ್ಟಿದ್ದುಂಟೇ ಎಂದು ಕೇಳುತ್ತಾರೆ. ಇಟ್ಟುಕೊಂಡವರು ತೂಕಡಿಸುವಂತಿಲ್ಲ. ಹಿಂದೆ ಒಬ್ಬ ಕೂತಲ್ಲೇ ಗೊರಕೆ ಹೊಡೆದನಂತೆ, ಒಳಗೆ ಮಲಗಿದ್ದ ಅವನ ಮಾವ ನಾಲ್ಕು ದಿನ ಕಣ್ಣು ಬಿಡಲಿಲ್ಲ. ಅದಕ್ಕೇ ಈಗ ಬೆನ್ನು ಒರಗಿಸಲು ಏನೂ ಇಲ್ಲದ ಸ್ಟೂಲು ಕೊಡುತ್ತಾರೆ, ಕಾಲು ಅದ್ದಿಡಲು ತಣ್ಣೀರಿನ ಬೋಗುಣಿ ಇಡುತ್ತಾರೆ.

ತಿರುಗಿ ಕೊಡುವಾಗ ಚೂರುಪಾರು ಉದುರಿಹೋಗುವುದುಂಟು. ಪೋಸ್ಟ್ ಮಾಸ್ತರರು ಹರ್ನಿಯಾ ಮಾಡಿಸಿಕೊಂಡು ಎದ್ದಾಗ ಸೈಕಲ್ ತುಳಿಯುವುದು ಮರೆತುಹೋಗಿತ್ತು. ಒಮ್ಮೊಮ್ಮೆ ಇಟ್ಟುಕೊಂಡವರದ್ದೇ ಏನೋ ಅಂಟಿಕೊಂಡು ಬರುತ್ತದೆ, ಹಾಗೆ ಬಂದದ್ದು ಅವರ ಹತ್ತಿರ ಉಳಿಯುವುದಿಲ್ಲ. ದರ್ಜಿಯೊಬ್ಬ ಹೀಗೇ ನೆರೆಮನೆಯವನಿಗೆ ತನ್ನ ಅಳತೆಯ ಕಣ್ಣು ಕೊಟ್ಟು ಕೂತ. ಆಮೇಲೆ ಅವನು ಹೊಲಿದ ಅಂಗಿಗಳಿಗೆಲ್ಲ ಒಂದು ತೋಳು ಗಿಡ್ಡ. ಬೇಕೆಂದು ಯಾರೂ ಕೊಡುವುದಿಲ್ಲ, ತಲೆ ಕೆಟ್ಟಿದೆಯೇ. ಇನ್ನು ಉದುರುವುದರ ವಿಷಯದಲ್ಲಿ ನಮ್ಮೂರ ಹೆಂಗಸರ ಮಾತು ಒಂದೇ: ಇಟ್ಟುಕೊಂಡವರಿಗೆ ಯಾವುದು ಹಿಡಿಸುವುದಿಲ್ಲವೋ ಅದು ಮೊದಲು ಉದುರುತ್ತದೆ. ನನ್ನನ್ನು ಹೆದರಿಸಿದ್ದು ಈ ಮಾತು.

ನನ್ನ ಹೆಸರು ಕಸ್ತೂರಿ. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಗೆ ಹೊರಟಿದೆ ಎಂದು ಕೂಗುವುದು ನನ್ನ ಕೆಲಸ. ಇಪ್ಪತ್ತಾರು ತುಂಬಿದ ವರ್ಷ ಬುದ್ಧಿ ಹಲ್ಲು ನಾಲ್ಕೂ ಸೇರಿ ನನ್ನ ಮೇಲೆ ಬಿದ್ದವು. ಮೇಲಿನವೆರಡು ಅರ್ಧ ಬಂದು ನಿಂತಿದ್ದವು, ಕೆಳಗಿನವೆರಡು ದವಡೆಯೊಳಗೇ ಅಡ್ಡ ಮಲಗಿದ್ದವು. ಕೆನ್ನೆ ಬಾತು ಬಾಯಿ ಎರಡು ಬೆರಳಿನಷ್ಟೂ ತೆರೆಯದಾದಾಗ ಹಲ್ಲಿನ ಡಾಕ್ಟರು, "ಕೀವು ಕುತ್ತಿಗಿಗೆ ಇಳಿಯೂ ಹಂಗ ಐತಿ. ನಾಲ್ಕೂ ಒಮ್ಮೆಲೇ ತಗೀಬೇಕು, ಪೂರ್ತಿ ಮಲಗಿಸೇ ತಗೀಬೇಕು" ಎಂದರು. ಮಲಗಿಸುವ ಡಾಕ್ಟರು ನಮ್ಮೂರಿಗೆ ಬರುವುದು ತಿಂಗಳಿಗೊಂದು ಬುಧವಾರ. ಆ ಬುಧವಾರ ತಪ್ಪಿಸಿಕೊಂಡರೆ ಇನ್ನೊಂದು ತಿಂಗಳು ಕಾಯುವ ಸ್ಥಿತಿಯಲ್ಲಿ ನಾನಿರಲಿಲ್ಲ.

ನನ್ನೊಳಗೆ ಮುಚ್ಚಿಡುವಂಥದ್ದು ಏನಿತ್ತು ಎಂದು ಕೇಳಿದರೆ ನಗುತ್ತೀರಿ. ಒಂದು ಕಿವಿ ಇತ್ತು. ನಮ್ಮವ್ವ ತುಳಸವ್ವ ತೀರಿಕೊಂಡಾಗ ನನಗೆ ಮೂರು ವರ್ಷ. ಅವಳದೆಂದು ನನ್ನ ಹತ್ತಿರ ಉಳಿದದ್ದು ಒಂದೇ ನೆನಪು: ನಾನು ಅವಳ ಸೊಂಟದ ಮೇಲೆ ಕೂತಿದ್ದೇನೆ, ಎದುರಿಗೆ ಅವಳ ಕಿವಿ, ಕಿವಿಯಲ್ಲಿ ಬೆಂಡೋಲೆ, ಕಿವಿಯ ಹಿಂದೆ ಎಳ್ಳಿನಷ್ಟು ಒಂದು ಮಚ್ಚೆ. ಅವಳು ಏನೋ ಗುನುಗುತ್ತಿದ್ದಾಳೆ. ಅಷ್ಟೇ. ಮುಖ ಇಲ್ಲ. ಮದುವೆಯ ಫೋಟೋ ಒಂದಿದೆ, ಅದರಲ್ಲಿ ಬಾಸಿಂಗ ಮುಖದ ತುಂಬ ಇಳಿಬಿದ್ದು ಗಲ್ಲ ಮಾತ್ರ ಕಾಣುತ್ತದೆ. ಅಪ್ಪನನ್ನು ಕೇಳಿದರೆ "ಚಂದ ಇದ್ಲು" ಎನ್ನುತ್ತಾನೆ. ಚಂದ ಇದ್ಲು ಎಂಬುದನ್ನು ಇಟ್ಟುಕೊಂಡು ಏನು ಮಾಡಲಿ. ಆ ಕಿವಿಯ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಸವೆದುಹೋಗುತ್ತದೆ ಎಂಬ ಭಯ.

ಅಪ್ಪ ಎರಡನೆಯ ಮದುವೆಯಾದಾಗ ನನಗೆ ಐದು. ಬಂದವಳು ಫಕೀರವ್ವ. ಹೊಡೆದವಳಲ್ಲ, ಬಯ್ದವಳಲ್ಲ, ಉಣ್ಣಲು ಕೊಡದೆ ಇದ್ದವಳಲ್ಲ. ದೂರು ಹೇಳಬೇಕೆಂದರೆ ಜಡೆ ಬಿಗಿಯಾಗಿ ಹೆಣೆಯುತ್ತಿದ್ದಳು ಎನ್ನಬೇಕು. ಆದರೆ ಇಪ್ಪತ್ತೊಂದು ವರ್ಷದಲ್ಲಿ ಒಂದು ಸಲವೂ ಅವಳ ಬಾಯಲ್ಲಿ ನಮ್ಮವ್ವನ ಹೆಸರು ಬರಲಿಲ್ಲ. ಮನೆಯಲ್ಲಿ ಆ ಹೆಸರು ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಇವಳಿಗೆ ನಮ್ಮವ್ವ ಎಂದರೆ ಆಗುವುದಿಲ್ಲ ಎಂದು ನಾನು ಚಿಕ್ಕಂದಿನಲ್ಲೇ ತೀರ್ಮಾನ ಮಾಡಿ ಕೂತಿದ್ದೆ. ಅವಳನ್ನು ಏನೆಂದೂ ಕರೆಯುತ್ತಿರಲಿಲ್ಲ. "ಸಾರು ಐತೇನು", "ಬಾಗಿಲ ಹಾಕ್ಕೋಬೇಕು" ಎಂದು ಗೋಡೆಗೆ ಹೇಳಿದ ಹಾಗೆ ಹೇಳಿ ಕೆಲಸ ಸಾಗಿಸುತ್ತಿದ್ದೆ. ಇಪ್ಪತ್ತೊಂದು ವರ್ಷ ಹೀಗೆ ಸಾಗಿಸುವುದಕ್ಕೂ ಹಟ ಬೇಕು, ಅದು ನನಗೆ ಬೇಕಾದಷ್ಟಿತ್ತು.

ಎಚ್ಚರ ಇಟ್ಟುಕೊಳ್ಳಲು ಒಪ್ಪಿದ್ದವಳು ರಜಿಯಾ, ಪಾಸು ಕೊಡುವ ಕಿಟಕಿಯಲ್ಲಿ ಕೂರುವ ನನ್ನ ಗೆಳತಿ. ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಆದರೆ ನನ್ನದೇನೂ ಉದುರಿಸುವವಳಲ್ಲ. ಬುಧವಾರ ಬೆಳಿಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಮನೆಗೆ ಬಂದು ಬಾಗಿಲಲ್ಲೇ ನಿಂತಳು. "ಕಸ್ತೂರಿ, ಬೈಬ್ಯಾಡ ನನ್ನ. ರಾತ್ರಿ ನೆಗಡಿ ತಡ್ಯಾಕ ಆಗಲಿಲ್ಲ, ಗುಳಗಿ ತಗೊಂಡುಬಿಟ್ಟೆ. ನಿಂತಲ್ಲೇ ಕಣ್ಣ ಮುಚ್ಚಲಿಕ್ಕತ್ತಾವು." ಗುಳಿಗೆ ತಿಂದವರನ್ನು ಸ್ಟೂಲಿನ ಹತ್ತಿರವೂ ಬಿಡುವುದಿಲ್ಲ. ನಾನು ಬಯ್ಯಲಿಲ್ಲ, ಬಾಯಿ ತೆರೆದರೆ ತಾನೇ ಬಯ್ಯುವುದು.

ಅಪ್ಪ ಯಮನಪ್ಪನ ಕಡೆ ಯಾರೂ ನೋಡಲೇ ಇಲ್ಲ. ಅಪ್ಪ ಹತ್ತಿ ಗಿರಣಿಯ ಕಾವಲುಗಾರ; ಮೂವತ್ತು ವರ್ಷದಿಂದ ಗಿರಣಿಯೇ ಅವನ ನಿದ್ದೆ ಕಾಯುತ್ತಿದೆ. "ನಾ ಕುಂಡ್ರಲೇನು?" ಎಂದು ಅವನೇ ಕೇಳಿದ, ಕೇಳುವಾಗಲೇ ಆಕಳಿಸಿದ. ಆಗ ಒಲೆಯ ಮುಂದಿದ್ದ ಫಕೀರವ್ವ ಕೈ ಒರೆಸಿಕೊಂಡು ಎದ್ದಳು. "ನಾ ಬರತೀನಿ. ನನಗ ಹೆಂಗೂ ನಿದ್ದಿ ಕಮ್ಮಿ." ನಾನು ಬೇಡ ಎಂದು ಜೋರಾಗಿ ತಲೆಯಾಡಿಸಿದೆ, ದವಡೆಯಿಂದ ಕಿವಿಯವರೆಗೆ ನೋವು ಸಿಡಿಯಿತು. "ಯಾಕ ಬ್ಯಾಡ?" ಎಂದಳು. ನಾನು ಮುಖವನ್ನು ಗೋಡೆಗೆ ತಿರುಗಿಸಿದೆ. ಅವಳು, "ನಿನ್ನೊಳಗ ನನ್ನ ಬಗ್ಗೆ ಏನೈತಿ ಅಂತ ನನಗ ಗೊತ್ತಿಲ್ಲೇನು? ಹೊಸದಾಗಿ ನೋಡೂದೇನೂ ಇಲ್ಲ. ನಡಿ" ಎಂದು ಸೀರೆ ಬದಲಾಯಿಸಲು ಒಳಗೆ ಹೋದಳು.

ಆಸ್ಪತ್ರೆಯಲ್ಲಿ ಒಂದು ಕಾಗದ ತುಂಬಬೇಕು. ಎಚ್ಚರ ಇಟ್ಟುಕೊಳ್ಳುವವರ ಹೆಸರು, ಅದರ ಕೆಳಗೆ ಸಂಬಂಧ. ನಾನು ಹೆಸರು ಬರೆದೆ. ಸಂಬಂಧ ಎಂಬಲ್ಲಿ ಪೆನ್ನು ನಿಂತಿತು. ಎಷ್ಟೋ ಹೊತ್ತು ನಿಂತು ಕೊನೆಗೆ "ಅಪ್ಪನ ಹೆಂಡತಿ" ಎಂದು ಬರೆಯಿತು. ಪೆನ್ನಿನ ಮೇಲೆ ಯಾಕೆ ಹಾಕಲಿ, ನಾನೇ ಬರೆದೆ. ಆ ಕಾಗದವನ್ನು ವರಾಂಡದಲ್ಲಿ ಮೂರು ಜನ ಕೇಳುವ ಹಾಗೆ ಓದುವುದು ನಮ್ಮೂರ ನಿಯಮ. ಆಮೇಲೆ ಎಚ್ಚರ ಯಾರ ಹತ್ತಿರವಿತ್ತು ಎಂದು ತಕರಾರು ಬರಬಾರದಲ್ಲ. ನರ್ಸ್ ಸುನಂದಕ್ಕ ಕನ್ನಡಕ ಏರಿಸಿ ಓದಿದರು. "ಹೆಸರು ಫಕೀರವ್ವ. ಸಂಬಂಧ, ಅಪ್ಪನ ಹೆಂಡತಿ." ಓದಿ ಒಂದು ಕ್ಷಣ ನನ್ನ ಮುಖ ನೋಡಿದರು. ಬೆಂಚಿನ ಮೇಲಿದ್ದ ಹೆಂಗಸರಿಬ್ಬರು ಸೆರಗು ಸರಿಮಾಡಿಕೊಂಡರು. ಫಕೀರವ್ವ ಮಾತ್ರ, "ಹೌದ್ರಿ, ನಾನ" ಎಂದು ಹೇಳಿ ಹೆಬ್ಬೆಟ್ಟು ಒತ್ತಿದಳು. ನನಗೆ ನಾಚಿಕೆಯಾಯಿತು, ಆದರೂ ತಿದ್ದಿ ಬರೆಯುತ್ತೇನೆ ಎನ್ನಲಿಲ್ಲ.

ಮೇಜಿನ ಮೇಲೆ ಮಲಗಿಸಿದಾಗ ನಾನೊಂದು ಉಪಾಯ ಮಾಡಿದೆ. ಮಲಗುವ ಹೊತ್ತಿನಲ್ಲಿ ಏನನ್ನು ಜಪಿಸುತ್ತೀಯೋ ಅದು ಮೇಲೆ ನಿಂತು ಕೆಳಗಿನದನ್ನು ಮುಚ್ಚುತ್ತದೆ ಎಂದು ನಮ್ಮೂರಲ್ಲಿ ಹೇಳುತ್ತಾರೆ. ಜನ ಮಗ್ಗಿ ಹೇಳುತ್ತಾರೆ, ನಾನು ಬಸ್ಸುಗಳ ಪಟ್ಟಿ ಹೇಳಲು ಶುರುಮಾಡಿದೆ. ಏಳು ಗಂಟೆಯದು, ಏಳೂವರೆಯದು, ಎಂಟರ ತಡೆರಹಿತ. ಮಲಗಿಸುವ ಡಾಕ್ಟರು ಕೈಗೆ ಸೂಜಿ ಚುಚ್ಚಿ, "ಏನ್ ಗುನುಗಲಿಕ್ಕತ್ತೀಯವಾ?" ಎಂದರು. ಗುನುಗು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಎಂಟೂ ಕಾಲರ ಬಸ್ಸು ಬಿಟ್ಟು ನೇರ ಅವ್ವನ ಕಿವಿಯ ಮುಂದೆ ಹೋಗಿ ನಿಂತೆ. ಅಯ್ಯೋ, ಎಲ್ಲಕ್ಕಿಂತ ಮೇಲೆ ಅದನ್ನೇ ಇಟ್ಟೆನಲ್ಲ ಎಂದುಕೊಂಡೆ. ಆಮೇಲೆ ಏನೂ ಇಲ್ಲ.

ಏನೂ ಇಲ್ಲ ಎಂದರೆ ಕತ್ತಲೆಯೂ ಇಲ್ಲ. ಸೂಜಿ ಚುಚ್ಚಿದ ಕ್ಷಣಕ್ಕೇ ಕಣ್ಣು ಬಿಟ್ಟ ಹಾಗಿತ್ತು. ಬಾಯಿ ತುಂಬ ಹತ್ತಿ, ನಾಲಿಗೆ ಯಾರದೋ. ನೆತ್ತಿಯ ಮೇಲೆ ಒಂದು ಒರಟು ಅಂಗೈ ಇತ್ತು, ಹಸಿಮೆಣಸಿನಕಾಯಿಯ ವಾಸನೆ ಬರುತ್ತಿತ್ತು. ಏನು ಉಳಿದಿದೆ ಏನಿಲ್ಲ ಎಂದು ಗಾಬರಿಯಿಂದ ತಡಕಾಡಿದೆ. ಹೆಸರು ಇತ್ತು. ಮನೆ ಇತ್ತು. ಎಂಟೂ ಕಾಲರ ಬಸ್ಸೂ ಇತ್ತು. ಹೆದರಿ ಹೆದರಿ ಕಿವಿಯನ್ನು ಹುಡುಕಿದೆ. ಇತ್ತು. ಬೆಂಡೋಲೆ, ಮಚ್ಚೆ, ಗುನುಗು, ಎಲ್ಲ ಇದ್ದ ಹಾಗೇ ಇತ್ತು. ನನ್ನ ಕಣ್ಣಿಂದ ನೀರು ಇಳಿಯಿತು, ನಾನು ನೋವಿಗೆ ಅಳುತ್ತಿದ್ದೇನೆ ಎಂದುಕೊಂಡು ಸುನಂದಕ್ಕ ಒರೆಸಿದರು.

ಆಗ ಆ ಕಿವಿ ತಿರುಗಿತು. ನಾನು ಸುಳ್ಳು ಹೇಳುತ್ತಿಲ್ಲ. ಇಪ್ಪತ್ಮೂರು ವರ್ಷ ಅಲುಗಾಡದೆ ಇದ್ದ ಕಿವಿ ತಿರುಗಿತು, ಮುಖ ಕಂಡಿತು. ಅಗಲ ಹಣೆ. ಬೆವರಿಗೆ ಒಂದು ಕಡೆ ಜಾರಿದ ಕುಂಕುಮ. ಮುಂದಿನ ಹಲ್ಲೊಂದರ ತುದಿ ಚೂರು ಮುರಿದಿತ್ತು, ಅದನ್ನು ಮುಚ್ಚಿಕೊಳ್ಳದೆ ನಗುತ್ತಿದ್ದಳು. "ಅಕ್ಕಾರ, ಕೂಸಿನ್ನ ಒಂಚೂರು ಹಿಡ್ಕೋರಿ. ಬಾಳಿಹಣ್ಣ ತಗೊಂಡ ಬಂದಬಿಡತೀನಿ" ಎಂದು ಹೇಳಿ ಬಸ್ಸಿನ ಸೀಟಿನಿಂದ ಎದ್ದಳು. ಹೋಗಲು ತಿರುಗಿದಾಗ ಕಿವಿಯ ಹಿಂದೆ ಅದೇ ಮಚ್ಚೆ. ಕೂಸನ್ನು ಇಸಿದುಕೊಂಡ ಕೈಯ ಮೇಲೆ ಚೇಳಿನ ಹಚ್ಚೆ ಇತ್ತು. ಅಂಥ ಹಚ್ಚೆ ನಮ್ಮ ಮನೆಯಲ್ಲಿ ಒಬ್ಬರ ಕೈ ಮೇಲಿದೆ, ಅದು ಫಕೀರವ್ವನ ಬಲಗೈ. ಕೆನ್ನೆಯ ಮೇಲೆ ಕಪ್ಪು ಬೊಟ್ಟಿಟ್ಟುಕೊಂಡು ಆ ತೊಡೆಯ ಮೇಲೆ ಕೂತ ಕೂಸು ನಾನು.

ಅದು ನನ್ನ ನೆನಪಲ್ಲ. ನನ್ನನ್ನು ನಾನೇ ಎತ್ತಿಕೊಂಡು ಕೂತಿರಲು ಹೇಗೆ ಸಾಧ್ಯ. ಕತ್ತು ಹೊರಳಿಸಿ ಅವಳನ್ನು ನೋಡಬೇಕೆಂದುಕೊಂಡೆ, ಅಷ್ಟರಲ್ಲಿ ನೆತ್ತಿಯ ಮೇಲಿನ ಕೈ ಎದ್ದಿತ್ತು. ಫಕೀರವ್ವ ಒದ್ದೆ ಕಾಲಿನಲ್ಲೇ ಹೊರಗೆ ಹೋಗುತ್ತಿದ್ದಳು, ನೆಲದ ಮೇಲೆ ಹೆಜ್ಜೆಗಳು ಮೂಡಿದ್ದವು.

ಸಂಜೆ ಡ್ರಿಪ್ ತೆಗೆಯಲು ಬಂದ ಸುನಂದಕ್ಕ ಎಲ್ಲ ಹೇಳಿದರು. ಒಂದು ತಾಸಿನ ಕೆಲಸ ಎರಡೂವರೆ ತಾಸು ಹಿಡಿಯಿತಂತೆ. ಕೆಳಗಿನ ಎಡ ಹಲ್ಲಿನ ಬೇರು ಕೊಕ್ಕೆಯ ಹಾಗೆ ಬಾಗಿ ಮೂಳೆಯನ್ನು ಕಚ್ಚಿಕೊಂಡಿತ್ತಂತೆ, ತುಂಡು ಮಾಡಿ ತೆಗೆದರಂತೆ. "ನಿಮ್ಮ ಫಕೀರವ್ವ ಅಷ್ಟೂ ಹೊತ್ತು ಬೆನ್ನ ಬಗ್ಗಿಸಲಿಲ್ಲ ನೋಡವಾ. ಕಣ್ಣ ಎಳೀತಾವಂತ ಸೆರಗಿನಾಗ ಮೆಣಸಿನಕಾಯಿ ಕಟಗೊಂಡ ಬಂದಿದ್ಲು. ಆರು ತಿಂದ್ಲು. ನಡುವ ಒಮ್ಮೆ ಅತ್ಲು. ಯಾಕವಾ ಅಂದ್ರ, ಖಾರ ಆತ್ರಿ ಅಂದ್ಲು. ಆಮ್ಯಾಲೆ ತಿರುಗಿ ಕೊಡೂ ಮುಂದ ಕೈ ತಗೀಲೇ ಇಲ್ಲ. ಡಾಕ್ಟರು ಸಾಕವಾ ಅಂದ್ರ, ತಡೀರಿ, ಇನ್ನೊಂದ ಐತಿ ಅಂದ್ಲು. ಇಷ್ಟ ವರ್ಷದಾಗ ಹಂಗಂದವರನ್ನ ನಾ ನೋಡಿಲ್ಲ." ಸುನಂದಕ್ಕನಿಗೆ ಅರ್ಥವಾಗಿರಲಿಲ್ಲ. ನನಗೆ ಅರ್ಥವಾಗಿತ್ತು. ದರ್ಜಿಯದು ಗೊತ್ತಿಲ್ಲದೆ ಹೋಗಿತ್ತು, ಇವಳು ಬೇಕೆಂದೇ ಕೊಟ್ಟಿದ್ದಳು. ಅಪ್ಪನ ಹೆಂಡತಿ ಎಂದು ಊರ ಮುಂದೆ ಓದಿಸಿಕೊಂಡು ಹೋಗಿ ಸ್ಟೂಲಿನ ಮೇಲೆ ಕೂತು ಕೊಟ್ಟಿದ್ದಳು.

ಮನೆಗೆ ಬಂದ ಮೇಲೆ ಎಂಟು ದಿನ ಗಂಜಿ. ನಮ್ಮೂರಲ್ಲಿ ಎಚ್ಚರ ಇಟ್ಟುಕೊಂಡವರಿಗೆ ಬಾಯಿಮಾತಿನಲ್ಲಿ ಉಪಕಾರ ಹೇಳುವ ಪದ್ಧತಿ ಇಲ್ಲ. ಎದ್ದವರು ಮೊದಲ ಬಾರಿಗೆ ಅಗಿದು ಉಣ್ಣುವ ದಿನ ಮೊದಲ ತುತ್ತನ್ನು ಅವರಿಗೆ ತಿನ್ನಿಸಬೇಕು, ಅಲ್ಲಿಯವರೆಗೆ ಇಬ್ಬರೂ ಆ ವಿಷಯ ಎತ್ತಬಾರದು. ಹರ್ನಿಯಾದವರಿಗೆ ಇದು ಎರಡು ದಿನದ ಮಾತು. ಹಲ್ಲು ಕೀಳಿಸಿಕೊಂಡವರ ಗತಿ ನೋಡಿ. ಫಕೀರವ್ವ ಗಂಜಿ ತಂದಿಡುತ್ತಿದ್ದಳು, ಉಪ್ಪುನೀರು ಕಾಯಿಸಿ ಕೊಡುತ್ತಿದ್ದಳು, ಕೆನ್ನೆಗೆ ಒದ್ದೆ ಬಟ್ಟೆ ಇಡುತ್ತಿದ್ದಳು, ಏನೂ ಆಗಿಲ್ಲವೆಂಬಂತೆ ಜೋಳ ಹಸನು ಮಾಡುತ್ತ ಕೂರುತ್ತಿದ್ದಳು. ನಾನು ಗೋಡೆಗೆ ಒರಗಿ ಅವಳನ್ನೇ ನೋಡುತ್ತಿದ್ದೆ. ಕಣ್ಣು ಮುಚ್ಚಿದರೆ ನಮ್ಮವ್ವ ನಗುತ್ತಿದ್ದಳು, ಕಣ್ಣು ಬಿಟ್ಟರೆ ಇವಳು ಕೂತಿರುತ್ತಿದ್ದಳು. ಇಷ್ಟೊಂದು ಸಿಕ್ಕಿತಲ್ಲ ನನಗೆ ಎಂದು ಎದೆ ತುಂಬಿ ಬರುತ್ತಿತ್ತು. ಜೊತೆಗೆ ನನ್ನ ಇಪ್ಪತ್ತೊಂದು ವರ್ಷದ ಹಟವನ್ನು ನೆನೆದು ನನಗೇ ನಾಲ್ಕು ಬಾರಿಸಬೇಕೆನಿಸುತ್ತಿತ್ತು.

ಒಂಬತ್ತನೆಯ ದಿನ ಬಾಯಿ ಮೂರು ಬೆರಳು ತೆರೆಯಿತು. "ಇವತ್ತ ರೊಟ್ಟಿ ತಿನ್ನತೀನಿ" ಎಂದೆ. ಫಕೀರವ್ವ ಮೆತ್ತನೆಯ ರೊಟ್ಟಿ ಬಡಿದು, ಬದನೆಕಾಯಿ ಎಣ್ಣೆಗಾಯಿ ಮಾಡಿ ತಾಟು ಮುಂದಿಟ್ಟಳು. ನಾನು ಒಂದು ಚೂರು ಮುರಿದು ಬಾಯಲ್ಲಿಟ್ಟು ಮೆಲ್ಲಗೆ ಅಗಿದು ನೋಡಿದೆ, ಆಮೇಲೆ ಮೊದಲ ತುತ್ತು ಕಟ್ಟಿ ಅವಳ ಬಾಯಿಗೆ ಹಿಡಿದೆ. ಅವಳು ಸೆರಗಿನಿಂದ ತುಟಿ ಒರೆಸಿಕೊಂಡು ಬಾಯಿ ತೆರೆದಳು. ಅವಳು ನುಂಗುವವರೆಗೆ ಕಾದೆ. "ನಮ್ಮವ್ವನ್ನ ನೀ ನೋಡಿದ್ದೇನು?" ಎಂದು ಕೇಳಿದೆ. ಗೋಡೆಯನ್ನಲ್ಲ, ಅವಳನ್ನು ಕೇಳಿದೆ.

ಫಕೀರವ್ವ ಯೋಚನೆ ಮಾಡಿದಳು. "ನೋಡಿದ್ದೆ ಅಂತ ಐತಿ. ಎಲ್ಲೆ, ಹೆಂಗ ಅಂತ ಕೇಳಬ್ಯಾಡ, ಅದು ಈಗ ಇಲ್ಲ. ಏನೋ ಕೊಟ್ಟೆ ಅನ್ನೂದು ಅಷ್ಟ ಗೊತ್ತೈತಿ."

"ಇಷ್ಟು ದಿನ ಯಾಕ ಹೇಳಲಿಲ್ಲ?"

"ಏನಂತ ಹೇಳಲಿ? ಅಕಿ ಜಾಗಕ್ಕ ಬಂದಾಕಿ ನಾನು. ಅಕಿ ಹೆಸರ ನನ್ನ ಬಾಯಾಗ ಬಂದ್ರ ನಿನಗ ಸಂಕಟ ಆಗತದ ಅಂತ ಅನ್ಕೊಂಡಿದ್ದೆ. ಅದಕ್ಕ ಎದ್ದ ಹೋಗತಿದ್ದೆ."

"ಮತ್ತ ಈಗ ಯಾಕ ಕೊಟ್ಟಿ?"

"ನಿನ್ನ ಹತ್ರ ಒಂದ ಕಿವಿ ಇತ್ತಲ್ಲವಾ" ಎಂದಳು. "ಇಷ್ಟ ದೊಡ್ಡಾಕಿ ಆಗೀದಿ, ಒಂದ ಕಿವಿ ಮ್ಯಾಲೆ ಜೀವ ಇಟಗೊಂಡ ಕುಂತೀದಿ. ನೋಡಿ ನನಗ ತಡ್ಯಾಕ ಆಗಲಿಲ್ಲ." ಅಷ್ಟು ಹೇಳಿ ತಾಟಿನ ಕಡೆ ಕೈ ಮಾಡಿದಳು. "ಉಣ್ಣು, ಆರತೈತಿ." ಆಮೇಲೆ, ಕೇಳಬೇಕೋ ಬೇಡವೋ ಎಂಬ ಹಾಗೆ ತಡೆದು ತಡೆದು ಕೇಳಿದಳು. "ನಾ ಏನ ಕೊಟ್ಟೆ? ಛಲೋದು ಇತ್ತೇನು? ಎಲ್ಲೋ ಒಂದ ಖಾಲಿ ಆಗೇತಿ ಒಳಗ. ಆಗಾಗ ಅದನ್ನ ತಗದು ನೋಡತಿದ್ದೆ ಅನಸತೈತಿ."

ನಾನು ತಾಟನ್ನು ಬದಿಗೆ ಸರಿಸಿ ಅವಳ ಬಲಗೈ ಹಿಡಿದುಕೊಂಡೆ. "ಇಲ್ಲೇ ಕುಂಡ್ರು, ಹೇಳತೀನಿ" ಎಂದೆ. ಅವಳಿಗೆ ಎಲ್ಲವನ್ನೂ ಹೇಳಿದೆ. ಕೆಂಪು ಬಸ್ಸು, ಕಿಟಕಿಯ ಪಕ್ಕ ಅವಳು, ಅವಳ ಪಕ್ಕ ನಮ್ಮವ್ವ. ಜಾರಿದ ಕುಂಕುಮ, ತುದಿ ಮುರಿದ ಹಲ್ಲು, ಬಾಳೆಹಣ್ಣು. ನಮ್ಮವ್ವ ಅವಳನ್ನು ಅಕ್ಕಾರ ಎಂದು ಕರೆದದ್ದು. ಫಕೀರವ್ವ ಮೊದಲ ಸಲ ಕೇಳುವವಳ ಹಾಗೆ, ಬೇರೆ ಯಾರದೋ ಕಥೆ ಎಂಬ ಹಾಗೆ ಬಾಯಿ ತೆರೆದು ಕೇಳಿದಳು. "ಅಂದ್ರ ನೀ ನನ್ನ ತೊಡಿ ಮ್ಯಾಲೆ ಇದ್ದಿ?" ಎಂದಳು. "ಹ್ಞೂಂ." "ಆಗ ನನಗ ಮದವೀನೂ ಆಗಿದ್ದಿಲ್ಲಲ್ಲ." "ಇಲ್ಲ." ಅವಳು ತನ್ನ ಮಡಿಲನ್ನು ನೋಡಿಕೊಂಡಳು.

"ಹೊಸ ಕೈ" ಎಂದಳು. "ಅತ್ತಿರಬೇಕಲ್ಲ ನೀ?"

"ಅತ್ತೆ" ಎಂದೆ. "ಅವ್ವ ಬಾಳಿಹಣ್ಣ ತಗೊಂಡ ಬಂದು ನಿನ್ನ ಕೈಯಿಂದ ನನ್ನ ಇಸ್ಕೊಂಡಾಗ ಅತ್ತೆ."